ಕಲ್ಯಾಣಪ್ಪನವರ ಗೋಡೆ

ರಾಜ್ಯಗಳ ವಿಂಗಡಣೆಯಲ್ಲಿ ಸೇಡಂ ಮೈಸೂರಿಗೆ, ತಾಂಡೂರು ಆಂಧ್ರಕ್ಕೆ ಸೇರುತ್ತದೆ ಎಂಬ ಸುದ್ದಿ ಬಂದ ದಿನದಿಂದ ಊರಿನ ಜಮೀನು ಲೆಕ್ಕ ಬರೆಯುತ್ತಿದ್ದ ಮಾಜಿ ಪಟವಾರಿ ಕಲ್ಯಾಣಪ್ಪನವರಿಗೆ ಒಂದೇ ಹುಚ್ಚು: ಎರಡರ ನಡುವೆ ಗೋಡೆ ಕಟ್ಟಬೇಕು. ಬೆಳಿಗ್ಗೆ ಸೇಡಂನ ಅಮೀರ್ ಅಲಿಯ ಚಹಾದಂಗಡಿಗೆ ಬಂದವರೇ ಬೆಂಚಿನ ಮೇಲೆ ಚಹಾ ಚೆಲ್ಲಿ, ಬೆರಳಿನಿಂದ ಗಡಿ ಎಳೆದು, ಶಹಾಬಾದಿನ ಕಲ್ಲೇ ಆಗಬೇಕೆಂದು ಹಟ ಹಿಡಿಯುವರು. ಗಿರಾಕಿಗಳು ಅರ್ಧ ಚಹಾ ಬಿಟ್ಟು ಎದ್ದುಹೋಗುವರು. “ಮತ್ತ ರೈಲು ಹ್ಯಾಂಗ ದಾಟಬೇಕ್ರಿ?” ಎಂದು ಯಾರಾದರೂ ಕೇಳಿದರೆ, “ಮಂದಿ ಇಳಿದು ಹೊಳ್ಳಿ ಹೋಗ್ಲಿ” ಎನ್ನುವರು. ಆರು ತಿಂಗಳು ಇದನ್ನೇ ಕೇಳಿ ಅಮೀರ್ ಅಲಿಯ ತಲೆ ಚಿಟ್ಟು ಹಿಡಿದಿತ್ತು. ಒಂದು ದಿನ ಅವನು ಕೆಟಲಿಯನ್ನು ಕುಕ್ಕಿ ಇಟ್ಟು, “ಪಟವಾರಿ ಸಾಬ್, ಆ ಕಡಿಂದ ಯಾರು ಬಂದು ನಿಮಗೇನು ಮಾಡ್ತಾರ್ರಿ?” ಎಂದ. “ಬರೋರ ಸಲುವಾಗಿ ಅಲ್ಲೋ,” ಎಂದರು ಕಲ್ಯಾಣಪ್ಪ, ಸಣ್ಣ ದನಿಯಲ್ಲಿ. “ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಗದ್ದಲದಾಗ ನಮ್ಮ ಬಾಜೂ ಮನಿ ಅಬ್ದುಲ್ ಸಲಾಂ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಇದೇ ತಾಂಡೂರ ಹಾದೀಲೆ ಹೋದ. ನಾ ಭಾಳ ತಡದೆ, ನಿಲ್ಲಲಿಲ್ಲ. ಅಲ್ಲೊಂದು ಗ್ವಾಡಿ ಇದ್ದಿದ್ರ ಹೊಳ್ಳಿ ಮನಿಗೆ ಬರ್ತಿದ್ದ.” ಇಷ್ಟು ದಿನ ಅವರೆದುರು ನಿಂತೇ ಕೇಳುತ್ತಿದ್ದ ಅಮೀರ್ ಅಲಿ ಬಂದು ಅವರ ಮಗ್ಗುಲಲ್ಲಿ ಕುಳಿತ.