ಮಗಳ ತಲೆಯ ಮೇಲೆ ಇಟ್ಟ ಕೈ

ನಮ್ಮ ಕಡೆ ಗಂಡನನ್ನು ಬಹುವಚನದಲ್ಲಿ ಕರೆಯುವುದು ಪದ್ಧತಿ. ಮನೆಯಲ್ಲಿ ನಾನೂ ಹಾಗೇ ಕರೆಯುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಮನಸ್ಸಾಗುತ್ತಿಲ್ಲ, ಆದ್ದರಿಂದ ಇಲ್ಲಿ 'ಅವನು' ಎಂದೇ ಇರಲಿ.

ಅವನಿಗೆ ಯಾವ ಚಟವೂ ಇರಲಿಲ್ಲ. ಇದು ನಮ್ಮ ಅತ್ತೆಯ ಮಾತು. ನನ್ನನ್ನು ನೋಡಲು ಕಲಬುರಗಿಗೆ ಬಂದಾಗ ಚಾಪೆಯ ಮೇಲೆ ಕೂತು ಹೇಳಿದ್ದರು: "ನನ್ನ ಮಗಾ ಕುಡಿಯಂಗಿಲ್ಲ, ಗುಟ್ಕಾ ತಿನ್ನಂಗಿಲ್ಲ, ಚಹಾ ಸೈತ ದಿನಾ ಎರಡ ಸಲಾ ಅಷ್ಟ ನೋಡ್ರಿ." ಕುಡುಕ ಅಳಿಯಂದಿರನ್ನು ಕಂಡು ಸಾಕಾಗಿದ್ದ ನಮ್ಮಪ್ಪ ಅಷ್ಟಕ್ಕೇ ಕರಗಿಹೋದ. ಆಡುತ್ತಾನಾ ಎಂದು ಯಾರೂ ಕೇಳಲಿಲ್ಲ. ಜೂಜುಕೋರನೆಂದರೆ ಊರ ಹೊರಗಿನ ಬೇವಿನ ಗಿಡದ ಕೆಳಗೆ ಇಸ್ಪೀಟು ಹಾಕಿಕೊಂಡು, ಪೊಲೀಸರನ್ನು ಕಂಡರೆ ಚಪ್ಪಲಿ ಬಿಟ್ಟು ಓಡುವವನು ಎಂದೇ ನಮ್ಮೆಲ್ಲರ ತಿಳಿವಳಿಕೆ. ಇಸ್ತ್ರಿ ಮಾಡಿದ ಯುನಿಫಾರ್ಮ್ ತೊಟ್ಟು, ಕೊರಳಿಗೆ ಕಂಪನಿಯ ಕಾರ್ಡು ತೂಗುಬಿಟ್ಟುಕೊಂಡು, ಬಸ್ಸಿನ ಕಿಟಕಿ ಪಕ್ಕ ಕೂತು ಬೆರಳಾಡಿಸುವವನೂ ಜೂಜುಕೋರನೇ ಎಂದು ಯಾರಿಗೆ ಹೊಳೆಯಬೇಕು.

ನಾವಿರುವುದು ಪುಣೆಯ ಹತ್ತಿರ, ದೇಹೂ ರೋಡಿನಲ್ಲಿ. ಅವನು ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸೂಪರ್‌ವೈಸರ್. ನಾನು ಒಂದು ಲ್ಯಾಬಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜನರ ರಕ್ತ ತೆಗೆಯುವವಳು. ಕುಡುಕರನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ. ಕೈ ನಡುಗುತ್ತದೆ, ಕಣ್ಣು ಹಳದಿ, ಏಲಕ್ಕಿ ಅಗಿದರೂ ಮುಚ್ಚದ ವಾಸನೆ. ಅಂಥವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗ ನನ್ನ ಮುಖದ ಮೇಲೆ ತಿರಸ್ಕಾರ ಕಾಣುತ್ತಿತ್ತು, ನಾನು ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಜೂಜಿಗೆ ವಾಸನೆ ಇಲ್ಲ. ನನ್ನದೇ ಮನೆಯಲ್ಲಿ ಮೂರು ವರ್ಷ ಒಬ್ಬ ರೋಗಿ ನಾನು ಬಡಿದ ರೊಟ್ಟಿ ತಿಂದುಕೊಂಡಿದ್ದ, ಈ ಮಹಾ ಪರೀಕ್ಷಕಿಗೆ ಗೊತ್ತೇ ಆಗಲಿಲ್ಲ.

ಲಕ್ಷಣಗಳೇನೂ ಕಡಿಮೆ ಇರಲಿಲ್ಲ. ಫೋನು ಯಾವಾಗಲೂ ಬೋರಲು. ಸ್ನಾನಕ್ಕೆ ಹೋದರೆ ಅರ್ಧ ಗಂಟೆ, ನೀರಿನ ಸದ್ದು ಮಾತ್ರ ಇಲ್ಲ. ಒಂದು ದಿನ ಕಾರಣವಿಲ್ಲದೆ ಮಿಠಾಯಿ ಡಬ್ಬಿ ತಂದು ಹಾಡು ಗುನುಗುತ್ತಿದ್ದ, ಮರುದಿನ ಪಲ್ಯಕ್ಕೆ ಉಪ್ಪು ಹೆಚ್ಚೆಂದು ತಟ್ಟೆ ತಳ್ಳುತ್ತಿದ್ದ. ಓವರ್‌ಟೈಮ್ ಮಾಡುತ್ತೇನೆ ಎನ್ನುತ್ತಿದ್ದ, ಮನೆ ಖರ್ಚಿಗೆ ಮಾತ್ರ ತಿಂಗಳಿಂದ ತಿಂಗಳಿಗೆ ಕಡಿಮೆ ಕೊಡುತ್ತಿದ್ದ. ನಾನು ಇದನ್ನೆಲ್ಲ ಕೂಡಿಸಿ ಹೆಣ್ಣೊಬ್ಬಳಿದ್ದಾಳೆ ಎಂದು ತೀರ್ಮಾನಿಸಿದೆ. ಅವನು ಜ್ವರದಿಂದ ಮಲಗಿದ್ದ ದಿನ ಫೋನು ತೆಗೆದು ನೋಡಿದರೆ ನನ್ನ ಸವತಿ ಇಸ್ಪೀಟಿನ ರಾಣಿ. ನಿಜ ಹೇಳುತ್ತೇನೆ, ಹೆಂಗಸೇ ಆಗಿದ್ದರೆ ವಾಸಿ ಅನ್ನಿಸಿತು. ಹೋಗಿ ಜುಟ್ಟಾದರೂ ಹಿಡಿಯಬಹುದಿತ್ತು.

ಆ ಆಟದ ಪರದೆಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಜವಾಬ್ದಾರಿಯಿಂದ ಆಡಿ' ಎಂದಿತ್ತು. ಕಸಾಯಿಖಾನೆಯ ಗೋಡೆಗೆ 'ಪ್ರಾಣಿಗಳಲ್ಲಿ ದಯೆ ಇರಲಿ' ಎಂದು ಬರೆಸಿದ ಹಾಗೆ. ಇದನ್ನು ಬರೆದವರ ನಾಚಿಕೆಗೇಡಿತನದ ಮುಂದೆ ನನ್ನ ಗಂಡನದು ಏನೂ ಅಲ್ಲ.

ಭಾನುವಾರ ಮಧ್ಯಾಹ್ನ ಪಂಚಾಯಿತಿ ಕೂಡಿತು. ಸೊಲ್ಲಾಪುರದಿಂದ ಭಾವ, ಮಾರ್ಕೆಟ್ ಯಾರ್ಡಿನಲ್ಲಿ ಜೋಳದ ವ್ಯಾಪಾರ ಮಾಡುವ ಅವನ ಸೋದರಮಾವ, ಅತ್ತೆ. ಆರೋಪಿ ಕಾಟಿನ ತುದಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದ.

"ಅದು ಬುದ್ಧಿವಂತರ ಆಟ ಅಂತ ಟೀವ್ಯಾಗ ಬರ್ತದಲ್ಲವಾ," ಎಂದರು ಸೋದರಮಾವ. "ಹುಡುಗಗ ಲೆಕ್ಕ ಛಲೋ ಬರ್ತದ. ನಸೀಬ ಕೆಟ್ಟದ, ಅಷ್ಟ."

"ಮೊಬೈಲ್ ಒಡದ ಹಾಕ್ರಿ, ಆತು," ಎಂದು ಭಾವ ತಮ್ಮ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದರು.

ಅತ್ತೆ ಯಾರದೋ ಕಣ್ಣು ತಾಗಿದೆ ಎಂದರು, ಹೇಳುವಾಗ ನನ್ನನ್ನೇ ನೋಡಿದರು.

ಇಂಥ ಜಾಣರ ನಡುವೆ ನಾನೊಬ್ಬಳೇ ತಲೆ ಇದ್ದವಳು ಎಂದುಕೊಂಡೆ. ಎದ್ದು ಒಳಗೆ ಹೋಗಿ ಮಗಳನ್ನು ಕರೆದುಕೊಂಡು ಬಂದೆ. ಆಗ ಅವಳಿಗೆ ಒಂಬತ್ತು ವರ್ಷ. ಮಹಾರಾಷ್ಟ್ರದ ನಕ್ಷೆಗೆ ಬಣ್ಣ ತುಂಬುತ್ತಿದ್ದವಳು ಪೆನ್ಸಿಲ್ ಹಿಡಿದುಕೊಂಡೇ ಬಂದಳು. ಅವಳನ್ನು ಅಪ್ಪನ ಮುಂದೆ ನಿಲ್ಲಿಸಿ, ಅವನ ಬಲಗೈಯನ್ನು ನಾನೇ ಎತ್ತಿ ಅವಳ ತಲೆಯ ಮೇಲಿಟ್ಟೆ.

"ಆಣಿ ಮಾಡ್ರಿ. ಇನ್ನ ಆಡಿದ್ರ ಈಕಿ ನನಗ ದಕ್ಕಬಾರ್ದು ಅನ್ರಿ."

ಅವನು ಅಂದ. ಕೋಣೆಗೆ ಜೀವ ಬಂದಂತಾಯಿತು. ಅತ್ತೆ ಕಣ್ಣೊರೆಸಿಕೊಂಡರು. "ಈಗ ಮುಗೀತ ನೋಡ್ರಿ," ಎಂದರು ಸೋದರಮಾವ. ನಾನು ಎಲ್ಲರಿಗೂ ಚಹಾ ಮಾಡಿದೆ, ಮಗಳು ಹೋಗಿ ನಕ್ಷೆಯ ಮುಂದೆ ಕೂತಳು.

ಎರಡು ತಿಂಗಳು ನಾನು ಬೀಗಿದೆ. ಲ್ಯಾಬಿನಲ್ಲಿ ಜೊತೆಯವರಿಗೂ ಹೇಳಿಕೊಂಡೆ, ಗಂಡಸರನ್ನು ದಾರಿಗೆ ತರುವುದು ಹೇಗೆಂದು. ಅಷ್ಟರಲ್ಲಿ ಮಗಳು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ಬಿಟ್ಟಳು. "ತಲಿ ಮುಟ್ಟಬ್ಯಾಡ," ಎನ್ನುತ್ತಿದ್ದಳು. ಬೈತಲೆ ಸೊಟ್ಟಗೆ ತೆಗೆದು ತಾನೇ ಜಡೆ ಹಾಕಿಕೊಂಡು ಹೋಗುತ್ತಿದ್ದಳು. ಹೊಟ್ಟೆನೋವು ಅಂದಳು. ಊಟ ಅರ್ಧಕ್ಕೆ ಬಿಟ್ಟಳು. ಶಾಲೆಯವರು ಸಹಲಿಗೆ, ಅಂದರೆ ಪ್ರವಾಸಕ್ಕೆ, ಕರೆದುಕೊಂಡು ಹೋಗುತ್ತೇವೆ ಎಂದಾಗ ಬಸ್ಸು ಹತ್ತುವುದಿಲ್ಲ ಎಂದು ಅತ್ತಳು. ಬೆಳಿಗ್ಗೆ ನಾನು ಎಬ್ಬಿಸುವ ಮೊದಲೇ ಎದ್ದು ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ತೆಗೆದೆ. ಹಿಮೋಗ್ಲೋಬಿನ್, ಥೈರಾಯ್ಡ್, ಎಲ್ಲ ನಾರ್ಮಲ್. ಮೂರು ವಾರ ಬಿಟ್ಟು ಮತ್ತೆ ತೆಗೆದೆ. ಮತ್ತೆ ನಾರ್ಮಲ್. ಹಾಗಾದರೆ ಇದು ನಾಟಕ ಎಂದು ಬೈದೆ. ಮೂರನೆಯ ಸಲ ಅವಳೇ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಪಟ್ಟಿ ಕಟ್ಟಿ ಸೂಜಿ ತೆಗೆಯುತ್ತಿದ್ದಾಗ ಮೆಲ್ಲಗೆ ಕೇಳಿದಳು:

"ಅವ್ವಾ, ನನಗ ಇನ್ನ ಎಷ್ಟ ದಿನಾ ಅದ ಅಂತ ಇದ್ರಾಗ ತಿಳೀತದೇನು?"

ಪಟ್ಟಿ ಬಿಚ್ಚಿದೆ. ಸೂಜಿ ಡಬ್ಬಿಗೆ ಹಾಕಿದೆ. ಅವಳ ಮುಂದೆ ನೆಲದ ಮೇಲೆ ಕೂತು ಏನಾಯಿತೆಂದು ಕೇಳಿದೆ. ಆಣೆ ಮಾಡಿದ ಹದಿನೈದು ದಿನಕ್ಕೇ ಅಪ್ಪ ಟೆರೇಸಿನ ಮೆಟ್ಟಿಲ ಮೇಲೆ ಆಡುವುದನ್ನು ಅವಳು ನೋಡಿದ್ದಳು. ಅವನೂ ಅವಳನ್ನು ನೋಡಿದ್ದ. ತುಟಿಯ ಮೇಲೆ ಬೆರಳಿಟ್ಟು ನಕ್ಕಿದ್ದ. ಅಂದಿನಿಂದ ತನ್ನ ಸಾವು ಯಾವಾಗ ಎಂದು ಆ ಮಗು ತಾನೊಂದೇ ಕಾಯುತ್ತಿತ್ತು.

"ನಿನಗ ಹೇಳಿದ್ರ ನೀ ಅಳ್ತಿ ಅಂತ ಹೇಳಲಿಲ್ಲ," ಎಂದಳು.

ಆ ಸಂಜೆ ಅವನು ಗೋಡೆಗೆ ಒರಗಿ ಅತ್ತ. ಆ ಕಣ್ಣೀರನ್ನು ನಾನು ಮೂರು ಕಾಸಿಗೂ ಕೊಳ್ಳಲಿಲ್ಲ. ಆದರೆ ಮಗಳ ತಲೆಯ ಮೇಲೆ ಕೈ ಇಟ್ಟ ಮೇಲೂ ನಿಲ್ಲದಿದ್ದರೆ ಇವನು ರಾಕ್ಷಸನಾಗಿರಬೇಕು, ಇಲ್ಲವೇ ನಿಲ್ಲಿಸುವ ಶಕ್ತಿ ಇವನಲ್ಲಿ ಉಳಿದಿಲ್ಲ. ರಾಕ್ಷಸ ಎಂದುಕೊಳ್ಳುವುದು ನನಗೆ ಸುಲಭವಿತ್ತು. ಅವಳಿಗೆ ಡೆಂಗಿ ಬಂದಾಗ ಎಂಟು ದಿನ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಿದವನು ಇವನೇ ಎಂಬುದು ಅಡ್ಡ ಬಂತು. ವ್ಯಸನಮುಕ್ತಿ ವಿಭಾಗವೊಂದರಿಂದ ನಮ್ಮ ಲ್ಯಾಬಿಗೆ ವಾರಕ್ಕೊಮ್ಮೆ ರಕ್ತದ ಟ್ಯೂಬುಗಳು ಬರುತ್ತಿದ್ದವು. ಅಲ್ಲಿಗೆ ಹೋಗುವವರೆಲ್ಲ ಕುಡುಕರು ಎಂದುಕೊಂಡಿದ್ದೆ. ಫೋನು ಮಾಡಿ ಕೇಳಿದರೆ ಜೂಜಿನವರನ್ನೂ ನೋಡುತ್ತೇವೆ, ಕರೆತನ್ನಿ ಎಂದರು. ಮರುದಿನವೇ ರಜೆ ಹಾಕಿ ಎಳೆದುಕೊಂಡು ಹೋದೆ.

ಸಮುಪದೇಶಕಿ, ಅಂದರೆ ಅಲ್ಲಿಯ ಕೌನ್ಸೆಲರ್, ನನಗಿಂತ ಚಿಕ್ಕವಳು, ಮರಾಠಿಯವಳು. ಇದು ಕಾಯಿಲೆ, ಚಿಕಿತ್ಸೆ ಇದೆ ಎಂದಳು. ಕಾಯಿಲೆಯಾದರೆ ಯಾವ ಟ್ಯೂಬಿನಲ್ಲಿ ಬರುತ್ತದೆ ತೋರಿಸಿ ಎಂದೆ. ಟ್ಯೂಬಿನಲ್ಲಿ ಬರುವುದಿಲ್ಲ ಎಂದು ಅವನ ಕಡೆ ತಿರುಗಿದಳು. ಸೋತದ್ದನ್ನು ಮರಳಿ ಗೆಲ್ಲಲು ಮರುದಿನ ಆಡಿದ್ದುಂಟಾ? ಮನೆಯಲ್ಲಿ ಸುಳ್ಳು ಹೇಳಿದ್ದುಂಟಾ? ಬಿಡಬೇಕೆಂದು ಹೊರಟು ಬಿಡಲಾಗದೆ ಹೋದದ್ದುಂಟಾ? ಆಡದ ದಿನ ಸಿಟ್ಟು ಬರುತ್ತದಾ? ಮೊದಲೆರಡಕ್ಕೆ 'ಕಧೀ ಕಧೀ' ಎಂದ, ಯಾವಾಗಲೋ ಒಮ್ಮೊಮ್ಮೆ. ಉಳಿದೆರಡಕ್ಕೆ ಹೌದೆಂದು ಬರೀ ತಲೆ ಆಡಿಸಿದ.

ಚಿಕಿತ್ಸೆ ಎಂದರೆ ಏನೋ ದೊಡ್ಡದನ್ನು ಊಹಿಸಿದ್ದೆ. ಬಟನ್ ಫೋನು, ಸಂಬಳ ನನ್ನ ಖಾತೆಗೆ, ನಿದ್ದೆ ಇಲ್ಲದ್ದಕ್ಕೆ ಡಾಕ್ಟರು ಬರೆದ ಒಂದು ಮಾತ್ರೆ, ವಾರಕ್ಕೊಂದು ಭೇಟಿ. ಶನಿವಾರ ಹತ್ತು ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ವೃತ್ತವಾಗಿ ಕೂತು ತಾವು ಹೇಳಿದ ಸುಳ್ಳುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಮೂರನೆಯ ತಿಂಗಳು ಸಹೋದ್ಯೋಗಿಯ ಫೋನು ಪಡೆದು ಮತ್ತೆ ಆಡಿದ, ಆದರೆ ನಾನು ಹಿಡಿಯುವ ಮೊದಲೇ ತಾನಾಗಿ ಹೋಗಿ ಸಮುಪದೇಶಕಿಯ ಮುಂದೆ ಒಪ್ಪಿಕೊಂಡ. ಅದಾಗಿ ಎರಡು ವರ್ಷ, ಮತ್ತೆ ಆಡಿಲ್ಲ. ಅದಕ್ಕಾಗಿ ನಾನು ಆರತಿ ಎತ್ತುವುದಿಲ್ಲ.

ನಾನು ಹೇಳಬೇಕೆಂದಿರುವುದು ನಾಲ್ಕನೆಯ ವಾರದ ಭೇಟಿಯನ್ನು. ಅಂದು ಮಗಳನ್ನೂ ಕರೆತರಲು ಸಮುಪದೇಶಕಿ ಹೇಳಿದ್ದಳು.

"ಆಣೆ ಹಾಕಿಸಿದ್ದು ಯಾರು?" ಎಂದು ಕೇಳಿದಳು.

"ಮನೆಯವರು," ಎಂದೆ.

"ಮನೆಯವರಲ್ಲಿ ಯಾರು?"

ಗಂಡ ನನ್ನ ಕಡೆ ನೋಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ. ನಾನೇ ಎಂದು ಹೇಳಬೇಕಾಯಿತು. ಅವಳೇನೂ ಬೈಯಲಿಲ್ಲ. ಅಪ್ಪ ಮಗಳನ್ನು ಎದುರುಬದುರು ಕೂರಿಸಿದಳು. ಅವನು ಮರಾಠಿಯಲ್ಲಿ ಶುರುಮಾಡಿದ. ಬೇಡ, ಯಾವ ಭಾಷೆಯಲ್ಲಿ ಆಣೆ ಮಾಡಿದಿರೋ ಆ ಭಾಷೆಯಲ್ಲೇ ಹೇಳಿ, ನನಗೆ ಬೇಕಾದ್ದನ್ನು ನಿಮ್ಮ ಮಗಳು ಮರಾಠಿಯಲ್ಲಿ ಹೇಳುತ್ತಾಳೆ ಎಂದಳು.

"ನಾ ಆಣಿ ಮುರದೆ," ಎಂದ ಅವನು ಮಗಳಿಗೆ. "ಭಾಳ ಸಲ ಮುರದೆ. ನಿನಗೇನೂ ಆಗಿಲ್ಲ. ಆಗೂದೂ ಇಲ್ಲ. ನಾ ಆಡೂದಕ್ಕೂ ನಿನ್ನ ಜೀವಕ್ಕೂ ಸಂಬಂಧ ಇಲ್ಲ."

"ಮತ್ತ ಆಡ್ತಿಯೇನು?"

ಅವನ ಕೈ ಅಭ್ಯಾಸಬಲದಿಂದ ಅವಳ ತಲೆಯ ಕಡೆ ಎದ್ದಿತು. ಅವಳು ಹಿಂದೆ ಸರಿದಳು. ಅವನು ಕೈ ಮಡಿಲಿಗೆ ತೆಗೆದುಕೊಂಡ.

"ಗೊತ್ತಿಲ್ಲವ್ವಾ. ಆಡಿದ್ರ ಇವ್ರಿಗೆ ಬಂದ್ ಹೇಳ್ತೀನಿ."

ಎಷ್ಟೋ ವರ್ಷಗಳಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು. ಮಗಳು ಅದನ್ನು ಮರಾಠಿಗೆ ತಿರುಗಿಸಿ ಹೇಳಿ, ನನ್ನ ಕಡೆ ತಿರುಗಿದಳು.

"ಅವ್ವಾ, ಅಪ್ಪ ಆಡಿದ್ರ ನಾ ಖರೇನ ಸಾಯ್ತೀನಿ ಅಂತ ತಿಳಕೊಂಡಿದ್ದಿಯೇನು?"

ಸುಳ್ಳು ಹೇಳಬಹುದಿತ್ತು. ಆದರೆ ಆಣೆ ತಟ್ಟುತ್ತದೆಂದು ನಂಬಿಯೇ ನಾನು ಆ ಕೈಯನ್ನು ಎತ್ತಿದ್ದೆ.

"ಹೌದು."

"ಮತ್ತ ನನ್ನ ತಲಿ ಮ್ಯಾಲೆ ಯಾಕ ಇಡಿಸಿದಿ?"

"ಅಪ್ಪ ಆಡಂಗಿಲ್ಲ ಅಂತ ನನಗ ಗ್ಯಾರಂಟಿ ಇತ್ತು."

ಸಮುಪದೇಶಕಿ ಅವಳನ್ನು ನೋಡಿದಳು. ಮಗಳು ಶಾಲೆಯ ಪಾಠ ಒಪ್ಪಿಸುವ ದನಿಯಲ್ಲಿ ಮರಾಠಿಯಲ್ಲಿ ಹೇಳಿದಳು: ಆಡಿದರೆ ನಾನು ಸಾಯುತ್ತೇನೆ ಅಂತ ಅವ್ವನಿಗೆ ಗೊತ್ತಿತ್ತಂತೆ, ಆದರೆ ಆಡುವುದಿಲ್ಲ ಅಂತ ಗ್ಯಾರಂಟಿ ಇತ್ತಂತೆ.

ಗಂಡ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಶನಿವಾರದ ಗುಂಪಿಗೆ ಹೊಸಬರು ಬಂದರೆ ಉಳಿದವರು ನೋಡುತ್ತಾರಲ್ಲ, ಹಾಗೆ ನೋಡಿದ. ಅವನು ಪಣಕ್ಕೆ ಇಟ್ಟದ್ದು ಸಂಬಳವನ್ನು. ನಾನು ಇಟ್ಟದ್ದು ಮಗಳನ್ನು.

ಸಮುಪದೇಶಕಿ ಅವರಿಬ್ಬರಿಗೂ ಹೊರಗೆ ಹೋಗಿ ನೀರು ಕುಡಿದು ಬನ್ನಿ ಎಂದಳು. ಮಗಳು ಅಪ್ಪನ ಬೆರಳು ಹಿಡಿದುಕೊಂಡು ಹೋದಳು. ನಾನೂ ಏಳಲು ಹೋದೆ. ನೀವು ಕೂತುಕೊಳ್ಳಿ ಎಂದು, ಹೊಸ ರೋಗಿಗಳಿಗೆ ತೆರೆಯುವ ಕೇಸ್ ಪೇಪರ್ ಒಂದನ್ನು ತೆಗೆದು ನನ್ನ ಹೆಸರು ಕೇಳಿದಳು.