ಕ್ಯಾಸೆಟ್ಟಿಗೆ ಇಟ್ಟ ಕುಂಕುಮ

ಅವರೆಕಾಳು ಹಿಸುಕುತ್ತ ಕೂತಿದ್ದೆ. ಬೆಳಗಿನಿಂದ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ. ಶಂಕರಪುರದ ಸ್ಟುಡಿಯೋದವರು. ಹಳೆಯ ವೀಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿ ಸಿಡಿ ಮಾಡಿಕೊಡುತ್ತಿದ್ದರು. ನಮ್ಮ ಮಗನ ಮುಂಜಿಯ ಕ್ಯಾಸೆಟ್ಟನ್ನು ಹಿಂದಿನ ವಾರ ಕೊಟ್ಟು ಬಂದಿದ್ದೆ.

“ಏನಮ್ಮಾ, ಕ್ಯಾಸೆಟ್ಟಿಗೂ ಮದುವೆ ಮಾಡ್ಸಿದ್ರಾ? ಒಳಗೆಲ್ಲ ಗಂಧ, ಕುಂಕುಮ ಮೆತ್ಕೊಂಡಿದೆ!”

ನನಗೆ ನಗು ಬರಲಿಲ್ಲ. “ಬರತ್ತೋ ಇಲ್ವೋ ಅದನ್ನ ಹೇಳಿ.”

“ಆ ಗಂಧದ ತೇವಕ್ಕೆ ಬೂಷ್ಟು ಹಿಡಿದಿದೆ. ಒರೆಸಿ ಒರೆಸಿ ಓಡಿಸ್ದೆ. ಬರೀ ಬಿಳಿ ಚುಕ್ಕೆ, ಗೆರೆ. ವಾಯ್ಸ್ ಮಾತ್ರ ಬರ್ತಿದೆ. ಅಷ್ಟನ್ನೇ ಹಾಕಿಕೊಡ್ಲಾ?”

“ಹಾಕಿ,” ಎಂದೆ.

ಅದು ನಮ್ಮತ್ತೆಯ ಕೈಕೆಲಸ. ಆಯುಧಪೂಜೆಯ ದಿನ ಈಳಿಗೆಮಣೆ, ಕತ್ತರಿ, ಮಿಕ್ಸಿ, ನಮ್ಮವರ ಸ್ಕೂಟರು ಎಲ್ಲಕ್ಕೂ ಬೊಟ್ಟು ಇಟ್ಟು ಬಂದ ಮೇಲೆ ಕ್ಯಾಸೆಟ್ಟಿನ ಸರದಿ. ಅದರ ಮುಂದಿನ ಮುಚ್ಚಳ ಎತ್ತಿ, ಹೊಸಿಲಿಗೆ ಹಚ್ಚಿದ ಹಾಗೆ ಒಳಗೇ ಗಂಧ, ಕುಂಕುಮ. “ನಿಮ್ಮ ಮಾವನ್ನ ಕಾಪಾಡ್ಕೊಂಡಿರೋದು ಅದೇ ಅಲ್ವೇನೇ?” ಎನ್ನುತ್ತಿದ್ದರು. ಮಾವ ಹೋದ ಮೇಲೆ ಶುರುವಾದ ಪದ್ಧತಿ. ತಾವು ಇಟ್ಟುಕೊಳ್ಳದ ಕುಂಕುಮವನ್ನು ಅದಕ್ಕೆ ಇಡುತ್ತಿದ್ದರು. ನಮ್ಮ ವಿಸಿಆರ್ ಕೆಟ್ಟು ಮೂಲೆ ಸೇರಿತು, ಪೂಜೆ ಮಾತ್ರ ನಿಲ್ಲಲಿಲ್ಲ.

ಮಾವ ನಡೆದಾಡುವುದು, ಮಾತಾಡುವುದು ಉಳಿದಿದ್ದು ಆ ಒಂದರಲ್ಲೇ. ಅತ್ತೆಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಇನ್ನು ಆಪರೇಷನ್ನಿಂದಲೂ ಪ್ರಯೋಜನವಿಲ್ಲ ಎಂದುಬಿಟ್ಟಿದ್ದರು ಡಾಕ್ಟರು. “ಪೂರ್ತಿ ಹೋಗೋಕ್ಕೆ ಮುಂಚೆ ಒಂದ್ಸಲ ಅವರನ್ನ ನೋಡ್ಬಿಡ್ತೀನಿ ಕಣೇ,” ಎಂದು ನನ್ನ ಬೆನ್ನು ಹತ್ತಿದ್ದರು.

ಮಾರನೆಯ ದಿನ ಸಿಡಿ ತರಲು ಹೋದೆ. ಕಾಲು ಎಳೆದುಕೊಂಡೇ ನಡೆದೆ. ನಿಮ್ಮ ಕುಂಕುಮವೇ ಅವರನ್ನು ಅಳಿಸಿಹಾಕಿತು ಎಂದು ಯಾವ ಬಾಯಲ್ಲಿ ಹೇಳುವುದು? ದಾರಿಯಲ್ಲಿ ಗಣಪತಿ ಗುಡಿಯ ಮುಂದೆ ನಿಂತೆ. ಏನು ಕೇಳಬೇಕೋ ತೋಚದೆ ಸುಮ್ಮನೆ ಕೈಮುಗಿದು ಬಂದೆ.

ಅತ್ತೆ ಕುರ್ಚಿಯನ್ನು ಟಿವಿಯ ಮೂತಿಗೇ ಎಳೆದುಕೊಂಡು ಕೂತರು. ಸಿಡಿ ಹಾಕಿದೆ. ಪರದೆಯ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು. ವಾಲಗ, ಮಂತ್ರ, ಮಕ್ಕಳ ಗಲಾಟೆ, ನಡುವೆ ಮಾವನ ದನಿ:

“ಏ, ಬಾರೇ ಇಲ್ಲಿ! ವೀಡಿಯೋ ತೆಗೀತಿದಾರೆ. ಆಮೇಲೆ ಅದರಲ್ಲಿ ನಾನೊಬ್ಬಳೇ ಬಿದ್ದಿಲ್ಲ ಅಂತ ಮೂತಿ ಊದಿಸ್ಬೇಡ.”

ದೂರದಿಂದ ಆಗಿನ ಅತ್ತೆಯ ಕೂಗು: “ಪಾಯಸ ತಳ ಹಿಡೀತಿದೆ, ನೀವೇ ನಿಂತ್ಕೊಳ್ಳಿ!”

ಅತ್ತೆ ನಕ್ಕೇಬಿಟ್ಟರು. “ಅಯ್ಯೋ, ಹೇಗೆ ಕಿರುಚ್ತಿದ್ದೆ ನೋಡೇ, ರಾಕ್ಷಸಿ ಥರ!” ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. “ನನ್ನ ಕಣ್ಣು ಇಷ್ಟು ಹೋಗಿದೆ ಅಂತ ಗೊತ್ತಿರ್ಲಿಲ್ಲ. ಬರೀ ಮಂಜು. ಯಾವ ಕಡೆ ಇದಾರೆ ಅವರು?”

ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಕಣ್ಣು ಹೋದದ್ದಕ್ಕೆ ಅವರು ಯಾರನ್ನೂ ದೂರಿದವರಲ್ಲ. ತಮ್ಮ ಕೈಯಿಂದಲೇ ಗಂಡನ ಮುಖ ಹೋಯಿತು ಎಂದು ತಿಳಿದರೆ ಆ ಕೈ ಮತ್ತೆ ಪೂಜೆಗೆ ಏಳುತ್ತಿರಲಿಲ್ಲ.

“ಬಲಗಡೆ, ಕಂಬದ ಹತ್ತಿರ,” ಎಂದೆ. ಹಿಂದೆ ನೋಡಿದ ನೆನಪಿತ್ತು.

“ಕೆಂಪಂಚಿನ ಪಂಚೆನಾ?”

“ಹೂಂ ಅತ್ತೆ, ಅದೇ.”

“ಹಾಗಾದ್ರೆ ಸರಿ.” ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. “ಇನ್ನು ಕೇಳಿಸ್ಕೊಂಡ್ರೆ ಸಾಕು ಬಿಡು. ಪಾಯಸದ್ದು ಇನ್ನೊಂದ್ಸಲ ಹಾಕು.”

ದನಿಯನ್ನಾದರೂ ಉಳಿಸಿದೆಯಲ್ಲಪ್ಪ ಗಣಪತಿ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಬೇಡಲು ನನ್ನಲ್ಲಿ ತ್ರಾಣವೂ ಇರಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಹಾಕಿಕೊಟ್ಟು, ಒಣಗಿದ ಬಟ್ಟೆ ತೆಗೆಯಲು ತಾರಸಿಯ ಮೆಟ್ಟಿಲು ಹತ್ತಿದೆ.