ನೀಲಿ ದಾರದ ಕೊನೆಯ ಗಂಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೊಬ್ಬರದ ಗೋದಾಮಿನ ಅಂಗಳದಲ್ಲಿ ಮಂಜು ಯಾವುದು, ಯೂರಿಯಾದ ಬಿಳಿ ದೂಳು ಯಾವುದು ಎಂದು ಹೇಳುವುದು ಕಷ್ಟ. ಆ ಬಿಳುಪಿನ ನಡುವೆ ಮರದ ಮಣೆಯ ಮೇಲೆ ಕೂತು, ಹರಿದ ಚೀಲವೊಂದನ್ನು ಮೊಣಕಾಲಿಗೆ ಒರಗಿಸಿಕೊಂಡು, ಹೆಂಗಸೊಬ್ಬರು ದಬ್ಬಣದಲ್ಲಿ ನೀಲಿ ದಾರ ಎಳೆಯುತ್ತಿದ್ದಾರೆ. ಎಳೆದಾಗಲೊಮ್ಮೆ ಸರ್ರನೆ ಸದ್ದು. ಕಣ್ಣು ಮಾತ್ರ ಚೀಲದ ಮೇಲಿಲ್ಲ, ಎಲ್ಲೋ ದೂರದಲ್ಲಿದೆ. ಹರಕು ಇನ್ನೇನು ಮುಚ್ಚಬೇಕು, ಅಷ್ಟರಲ್ಲಿ ಕೈ ನಿಲ್ಲುತ್ತದೆ.

"ಯಾರಪ್ಪಾ ಕೈ ಹಾಕೋರು? ಬನ್ನಿ ಬನ್ನಿ. ಬೆಲ್ಲ ಏನೂ ಸಿಗಲ್ಲ, ಗೊಬ್ಬರಾನೇ ಸಿಗೋದು!"

ಸಾಲಿನಲ್ಲಿ ನಿಂತ ರೈತರು ನಗುತ್ತಾರೆ. ಒಬ್ಬರು ಮುಂದೆ ಬಂದು, ಉಳಿದ ಸಂದಿಯಲ್ಲಿ ಕೈ ತೂರಿಸಿ, ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗೇ ಸುರಿಯುತ್ತಾರೆ. ಆಮೇಲೇ ಕೊನೆಯ ಗಂಟು ಬೀಳುವುದು. ಅಲ್ಲಿಯತನಕ ಹೊಲಿಗೆ ಮುಗಿದ ಹಾಗಲ್ಲ.

ಇವರನ್ನು ಎಲ್ಲರೂ ಕರೆಯುವುದು ದಬ್ಬಣದಕ್ಕ ಎಂದು. ಲಾರಿಯಿಂದ ಇಳಿಸುವಾಗ ಕೊಕ್ಕೆ ತಗುಲಿ ಹರಿದವು, ಇಲಿ ಕಡಿದವು, ಅಟ್ಟಿ ಜಾರಿ ಒಡೆದವು, ಹೀಗೆ ದಿನಕ್ಕೆ ಹದಿನೈದಿಪ್ಪತ್ತು ಚೀಲ ಇವರ ಮಡಿಲಿಗೆ ಬರುತ್ತವೆ. ಚೆಲ್ಲಿದ್ದನ್ನು ಗುಡಿಸಿ, ಜರಡಿ ಹಿಡಿದು, ತುಂಬಿ, ತೂಗಿ, ಹೊಲಿದು ಕೊಡಬೇಕು. ಬೆರಳ ಸಂದಿಗಳೆಲ್ಲ ಉಪ್ಪು ತಿಂದ ಗೋಡೆಯಂತೆ ಬಿರುಕು ಬಿಟ್ಟಿವೆ. ಮೊದಲು ಇಲ್ಲಿ ಚೀಲ ಹೊರುತ್ತಿದ್ದವರು ಇವರ ಯಜಮಾನರು. ಅವರ ಬೆನ್ನು ಬಿದ್ದು ಹೋದ ಮೇಲೆ ಅಕ್ಕ ಬಂದರು. ಈಗ ಯಜಮಾನರು ಮನೆಯಲ್ಲಿ ಅಡುಗೆ ಮಾಡುತ್ತಾರೆ. "ಉಪ್ಪು ಜಾಸ್ತಿ ಆಯ್ತು ಅಂದ್ರೆ ಮೂರು ದಿನ ಮಾತಾಡಲ್ಲ ಕಣ್ರೀ, ಹೊಸ ಮದುಮಗಳ ಹಾಗೆ!" ಎಂದು ಅಕ್ಕ ನಗುತ್ತಾರೆ.

ಗೋದಾಮಿನಲ್ಲಿ ಎರಡು ಬಗೆಯ ಯೂರಿಯಾ ಇದೆ. ಒಂದು ನಮ್ಮದೇ ಕಾರ್ಖಾನೆಯದು, ಸಕ್ಕರೆಯಂಥ ಸಣ್ಣ ಹರಳು. ಇನ್ನೊಂದು ಹಡಗಿನಲ್ಲಿ ಬಂದದ್ದು, ಸಾಬೂದಾನಿಯಂಥ ದಪ್ಪ ಗುಂಡು. ಎರಡರ ಸತ್ವವೂ ಒಂದೇ ಎಂದು ಚೀಲದ ಮೇಲೆ ಅಚ್ಚು ಹಾಕಿದೆ. ಆದರೆ ಅಚ್ಚು ಹಾಕಿದ್ದನ್ನೆಲ್ಲ ನಂಬುವ ಕಾಲವೇ ಇದು? ಸಾಲಿನಲ್ಲಿ ದಿನವೂ ಇದೇ ಪಂಚಾಯಿತಿ. "ಹೊರಗಿಂದು ಕೈಯಿಂದ ಚೆನ್ನಾಗಿ ಉದುರತ್ತೆ" ಎನ್ನುತ್ತಾರೆ ಒಬ್ಬರು. "ಉದುರತ್ತೆ ಸರಿ, ಕರಗೋದು ಯಾವಾಗ? ನಮ್ದೇ ವಾಸಿ" ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಯಾವುದನ್ನೂ ನಂಬುವುದಿಲ್ಲ, ಯಾಕೆಂದರೆ ಹೋದ ವರ್ಷ ಪೇಟೆಯ ವ್ಯಾಪಾರಿಯೊಬ್ಬ ಚೀಲದ ಬಾಯಿ ಬಿಚ್ಚಿ, ಉಪ್ಪು ಬೆರೆಸಿ, ಕೈಯಲ್ಲಿ ಹೊಲಿದು ಮಾರಿದ್ದ. ಅಂದಿನಿಂದ ಕೈಹೊಲಿಗೆ ಕಂಡರೆ ಸಾಕು, ರೈತರು ಮಾರು ದೂರ ಸರಿಯುತ್ತಾರೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ! ಯಾರದೋ ಕಳ್ಳ ಹೊಲಿಗೆಯ ಪಾಪ ಈ ಅಕ್ಕನ ನೀಲಿ ದಾರಕ್ಕೆ ಸುತ್ತಿಕೊಂಡಿತು.

"ಬಿಳಿ ದಾರ ಹಾಕಮ್ಮ, ಮಿಷಿನ್ ಹೊಲಿಗೆ ಥರಾನೇ ಕಾಣತ್ತೆ, ಯಾರಿಗೂ ಗೊತ್ತಾಗಲ್ಲ" ಎಂದರಂತೆ ಮ್ಯಾನೇಜರು.

"ಗೊತ್ತಾಗ್ಲಿ ಅಂತ್ಲೇ ನೀಲಿ ಹಾಕೋದು ಸಾರ್" ಎಂದರಂತೆ ಅಕ್ಕ.

ಇಷ್ಟು ಖಡಾಖಂಡಿತವಾಗಿ ಮಾತಾಡುವ ಅಕ್ಕನಿಗೆ ಒಂದು ದೌರ್ಬಲ್ಯವಿದೆ. ಹಡಗು. ಅವರು ಸಮುದ್ರವನ್ನೇ ಕಂಡವರಲ್ಲ. ದಪ್ಪ ಗುಂಡಿನ ಚೀಲ ಮಡಿಲಿಗೆ ಬಂದರೆ ಸಾಕು, ಮನಸ್ಸು ತೇಲತೊಡಗುತ್ತದೆ. ಈ ಕಾಳು ಎಷ್ಟು ನೀರು ದಾಟಿ ಬಂತೋ, ಅಲ್ಲಿ ಇದನ್ನು ತುಂಬಿದ ಹೆಂಗಸು ಯಾರೋ, ಅವಳ ಬೆರಳೂ ಹೀಗೇ ಬಿರಿದಿದೆಯೋ ಏನೋ. ಗೋದಾಮಿನ ತಗಡು ಗಾಳಿಗೆ ಬಡಿದರೆ ಅದು ಹಾಯಿಯ ಸದ್ದು. ಬಿಳಿ ರಾಶಿ ಅವರಿಗೆ ನೊರೆ. "ಮೈ ಇಲ್ಲೇ ಇರತ್ತೆ, ನಾನು ಮಾತ್ರ ಇರಲ್ಲ" ಎನ್ನುತ್ತಾರೆ.

ಹಾಗೆ ಅಕ್ಕ ಇದ್ದೂ ಇಲ್ಲದಿದ್ದ ಒಂದು ಮಸುಕು ಸಂಜೆಯೇ ಎಡವಟ್ಟಾಯಿತು. ಬಾಗಿಲ ಬಳಿ ಎರಡು ಚೀಲ ಒಡೆದಿದ್ದವು, ಒಂದು ನಮ್ಮದು, ಒಂದು ಹೊರಗಿನದು. ಹಡಗಿನ ಗುಂಗಿನಲ್ಲಿದ್ದ ಅಕ್ಕ ಚೆಲ್ಲಿದ ಎರಡು ರಾಶಿಯಿಂದಲೂ ಬಾಚಿ ಒಂದೇ ಚೀಲಕ್ಕೆ ತುಂಬಿ ಹೊಲಿದುಬಿಟ್ಟರು. ಆ ಚೀಲ ಹೋಗಿ ಹೋಗಿ ಯಾರಿಗೆ ಸಿಗಬೇಕು? ಅನುಮಾನಣ್ಣನಿಗೆ! ಕುಡಿಯುವ ನೀರನ್ನೂ ಮೂಸಿ ನೋಡುವ ರೈತನೆಂದು ಹೆಸರಾದವರು. ಅಂದು ಮಿಷಿನ್ ಹೊಲಿಗೆಯ ಚೀಲ ಮುಗಿದಿದ್ದರಿಂದ, ಗೊಣಗುತ್ತಲೇ ನೀಲಿ ದಾರದ್ದನ್ನು ಒಯ್ದಿದ್ದರು. ಮರುದಿನ ಬೆಳಿಗ್ಗೆಯೇ ತಂದು ಅಂಗಳದಲ್ಲಿ ಸುರಿದರು.

"ಒಂದೇ ಚೀಲದಲ್ಲಿ ಸಕ್ಕರೇನೂ ಇದೆ, ಸಾಬೂದಾನೀನೂ ಇದೆ. ಏನು, ಪಾಯಸ ಮಾಡ್ಲಾ? ನಾನು ಮೊದ್ಲೇ ಹೇಳಿದ್ದೆ, ಕೈಹೊಲಿಗೆ ಅಂದ್ರೆ ಕಲಬೆರಕೆ!"

ಸಾಲಿಗೆ ಸಾಲೇ ಹೌದು ಹೌದು ಎಂದಿತು. ಮ್ಯಾನೇಜರು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದರು. "ಕಂಪನಿಯಿಂದ್ಲೇ ಹೀಗೆ ಬಂತು ಅಂದ್ಬಿಡು."

ಅಕ್ಕ ಅವರಿಗೆ ಮೆಲ್ಲಗೆ ಅಂದರಂತೆ, "ಕಂಪನಿಯವ್ರಿಗೆ ನನ್ನ ಮುಖ ಗೊತ್ತಿಲ್ಲ ನಿಜ. ಆದ್ರೆ ನಾಳೆ ಆ ದಾರ ಕೈಲಿ ಹಿಡೀಬೇಕಾದವಳು ನಾನೇ ತಾನೇ?" ಆಮೇಲೆ ಸಾಲಿನತ್ತ ತಿರುಗಿ ಗಟ್ಟಿಯಾಗಿಯೇ ಹೇಳಿದರು. "ಕಲಬೆರಕೆ ಅಲ್ಲಣ್ಣ, ನನ್ನ ಕೈತಪ್ಪು. ಎರಡು ರಾಶಿ ಒಂದಕ್ಕೇ ತುಂಬ್ದೆ. ಹಡಗಿನ ಯೋಚನೇಲಿದ್ದೆ."

"ಯಾವ ಹಡಗು?" ಎಂದರು ಅನುಮಾನಣ್ಣ, ತಬ್ಬಿಬ್ಬಾಗಿ. ಯಾರೋ ಕಿಸಕ್ಕನೆ ನಕ್ಕರು.

ಅಕ್ಕ ನಗಲಿಲ್ಲ. ಆ ಅಣ್ಣನಿಗೆ ಹೊಸದಾಗಿ ಬಂದ ಲಾರಿಯಿಂದ ಬೇರೆ ಚೀಲ ಕೊಡಿಸಿ, ತಾವು ಹೊಲಿದಿಟ್ಟಿದ್ದ ಚೀಲಗಳನ್ನೆಲ್ಲ ಅಂಗಳಕ್ಕೆ ಎಳೆತರಿಸಿ, ಒಂದೊಂದಾಗಿ ದಾರ ಕತ್ತರಿಸಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲಮ್ಮ!" ಎಂದು ಮ್ಯಾನೇಜರು ತಲೆ ಚಚ್ಚಿಕೊಂಡರು. ಅಕ್ಕ ಕೇಳಲಿಲ್ಲ. ಎಲ್ಲರ ಕೈ ಒಳಗೆ ಹೋಗಿ ಬಂದ ಮೇಲೆ, ಅವರ ಕಣ್ಣೆದುರೇ ಮತ್ತೆ ಹೊಲಿದರು. ಬೆರಳಿನಿಂದ ರಕ್ತ ಬಂತು. ಅಂದಿನಿಂದ ಗೋದಾಮಿನ ಒಳಗೆ ಕೂತು ಅವರು ಒಂದು ಹೊಲಿಗೆಯನ್ನೂ ಹಾಕಿಲ್ಲ.

ಆದರೂ ನಂಬಿಕೆ ಎನ್ನುವುದು ಅಷ್ಟು ಸುಲಭಕ್ಕೆ ತಿರುಗಿ ಬರುತ್ತದೆಯೇ? ಕೈ ಹಾಕಿ ನೋಡುವವರು ಬಹಳ, ಕೊಳ್ಳುವವರು ಕಡಿಮೆ. ಈ ಬಿತ್ತನೆ ಮುಗಿಯುವುದರೊಳಗೆ ನೀಲಿ ದಾರದ ಚೀಲಗಳು ಹೋಗದಿದ್ದರೆ ಹೊಲಿಗೆ ಕೆಲಸವನ್ನೇ ನಿಲ್ಲಿಸುತ್ತೇನೆಂದು ಮ್ಯಾನೇಜರು ಹೇಳಿಬಿಟ್ಟಿದ್ದಾರೆ. ಗೋಡೆಗೆ ಒರಗಿ ನಿಂತ ಚೀಲಗಳನ್ನು ಅಕ್ಕ ದಿನವೂ ನೋಡುತ್ತಾರೆ, ಮದುವೆಯಾಗದ ಮಗಳನ್ನು ತಾಯಿ ನೋಡುವಂತೆ.

ಇವತ್ತು ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದವರು ಅನುಮಾನಣ್ಣ. ಬಂದಾಗಲೆಲ್ಲ ಅವರೇ ಮೊದಲು. ಪ್ರತಿ ಸಲವೂ ನೋಡಿ, ಹ್ಞೂಂ ಎಂದು, ಮಿಷಿನ್ ಹೊಲಿಗೆಯದನ್ನೇ ಹೊರುವವರು. ಇಂದೂ ನೋಡಿದರು. ಅಕ್ಕ ಗಂಟು ಹಾಕಿದರು. ಅಣ್ಣ ಮಾತ್ರ ಅಲ್ಲಾಡಲಿಲ್ಲ.

"ಇದೇ ಇರ್ಲಿ" ಎಂದರು. "ಅಲ್ಲಿ ಗೋಡೆಗಿರೋದ್ರಲ್ಲಿ ಇನ್ನೂ ಮೂರು ಕೊಡ್ಸಿ."

ಮ್ಯಾನೇಜರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. "ನಮ್ದಾ? ಹೊರಗಿಂದಾ?"

"ಯಾವ್ದಾದ್ರೂ ಆಗ್ಲಿ ಬಿಡಿ ಸಾರ್. ಮಿಷಿನ್ನಲ್ಲಿ ಹೊಲ್ದಿದ್ದನ್ನ ಯಾರು ತುಂಬಿದ್ರೋ, ಯಾರು ಕಂಡಿದ್ದಾರೆ? ತಪ್ಪಾಯ್ತು ಅಂತ ಬಾಯ್ಬಿಟ್ಟು ಹೇಳಿದ್ದು ಈ ದಾರ ಒಂದೇ."

ಅಕ್ಕನ ಕಣ್ಣು ತುಂಬುತ್ತದೆ, ದೂಳು ಬಿತ್ತೆಂದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ. ಹಿಂದೆ ನಿಂತವರೂ ಈಗ ಗೋಡೆಯತ್ತ ಕತ್ತು ಚಾಚುತ್ತಿದ್ದಾರೆ. ಬಿಸಿಲು ಮೂಡಿ ಅಂಗಳದ ಬಿಳುಪೆಲ್ಲ ಹೊಳೆಯುತ್ತಿದೆ. ಚೀಲಗಳನ್ನು ಗಾಡಿಗೆ ಹಾಕಿಸಿದ ಅನುಮಾನಣ್ಣ ತಿರುಗಿ, "ಅಕ್ಕ, ಅವತ್ತೇನೋ ಹಡಗು ಅಂದ್ಯಲ್ಲ, ನಿನಗೇನಾದ್ರೂ ಆಸೆ ಇದೆಯಾ?" ಎಂದು ಕೇಳುತ್ತಾರೆ.

"ಒಂದ್ಸಲ ಹಡಗು ನೋಡ್ಬೇಕಣ್ಣ. ಹಾಯಿ ಎಲ್ಲಾದ್ರೂ ಹರಿದಿದ್ರೆ ಹೊಲ್ದು ಕೊಟ್ಟು ಬರ್ತೀನಿ."

"ಅಯ್ಯೋ, ಈಗಿನ ಹಡಗಿಗೆ ಹಾಯಿ ಎಲ್ಲಿದೆ?"

ಅಕ್ಕ ದಬ್ಬಣಕ್ಕೆ ಹೊಸ ದಾರ ಪೋಣಿಸಿಕೊಳ್ಳುತ್ತಾರೆ. "ನಮ್ಮ ಯಜಮಾನ್ರೂ ಹಾಗೇ ಅಂತಾರೆ. ಕಣ್ಣಾರೆ ನೋಡ್ದೆ ಹೇಗೆ ನಂಬ್ಲಿ? ನೀವೇ ಅಲ್ವಾ ಕಲಿಸಿದ್ದು?"